ಮುಟ್ಟಿ ನೋಡುವ ಡಾಕ್ಟರು

ಕಣ್ಣು ಬಿಟ್ಟ ಕೂಡಲೇ ಡಾಕ್ಟರ್ ಉಜ್ಜಿನಪ್ಪ ನೋಡಿಕೊಂಡದ್ದು ತನ್ನ ಎಡಗೈಯ ಹೆಬ್ಬೆರಳನ್ನು. ಕಿಟಕಿಯ ಹತ್ತಿರ ಹೋಗಿ, ಕಂಟೋನ್ಮೆಂಟಿನ ಹುಣಸೆಮರಗಳ ಮೇಲೆ ಆಗಲೇ ಕಾದು ಬೆಳ್ಳಗಾಗಿದ್ದ ಬಿಸಿಲಿಗೆ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಹಿಸುಕಿ ತಿರುಗಿಸಿ ನೋಡಿದ. ಸೂಜಿ ಚುಚ್ಚಿದ ಜಾಗ ಕಾಣಲಿಲ್ಲ. ನಿನ್ನೆಯೂ ಕಂಡಿರಲಿಲ್ಲ. ಕಂಡಿದ್ದರೆ ಟಿಂಕ್ಚರ್ ಹಚ್ಚಿ, ಒಂದಿಷ್ಟು ಹತ್ತಿ ಸುತ್ತಿ, ಇಷ್ಟೇ ತಾನೇ ಎಂದು ಸುಮ್ಮನಾಗಬಹುದಿತ್ತು. ಕಾಣದ ಹಾಗೆ ಒಳಗೆ ಹೋಗಿ ಕೂತದ್ದಕ್ಕೆ ಏನು ಹಚ್ಚುವುದು? ಇದು ಶುದ್ಧ ಹುಚ್ಚು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಕಳ್ಳತನಕ್ಕೆ ಬಂದವನ ಹಾಗೆ ಬಾಗಿಲ ಕಡೆ ಕಣ್ಣಿಟ್ಟು ಕೂತ. ಪಾದರಸ ಏರಿರಲಿಲ್ಲ. ಸಮಾಧಾನವಾಗುವ ಬದಲು ಥರ್ಮಾಮೀಟರಿನ ಮೇಲೇ ಅನುಮಾನ ಬಂತು. ಅದನ್ನು ಜಾಡಿಸಿ ಇನ್ನೊಮ್ಮೆ ಇಟ್ಟುಕೊಂಡ. ಹೊರಗೆ ರಸ್ತೆಯಲ್ಲಿ ಜಟಕಾ ಹೊಡೆಯುವ ಸಾಬಿ ಯಾರೊಡನೆಯೋ ಜಗಳವಾಡುತ್ತಿದ್ದ. 'ಏ ಬೋಲಾ, ವೋ ಬೋಲಾ' ಎಂದು, ಇವನಂದ ಅವನಂದ ಎಂದು ಒಬ್ಬರ ಮಾತನ್ನು ಇನ್ನೊಬ್ಬರ ಮೇಲೆ ಹಾಕುವ ಅವನ ದನಿ ಕೇಳಿಸಿ ಉಜ್ಜಿನಪ್ಪನ ಬೆನ್ನಿನಲ್ಲಿ ಬೆವರು ಇಳಿಯಿತು. ಏ ಬೋಲಾ. ಎಬೋಲಾ. ಆ ಹೆಸರನ್ನು ಬಳ್ಳಾರಿಯಲ್ಲಿ ತಾನೊಬ್ಬನೇ ಓದಿರಬೇಕು, ಆದರೆ ಇವತ್ತು ಬೆಳಿಗ್ಗೆ ಬೀದಿಯಲ್ಲಿ ನಿಂತು ಯಾರೋ ಅದನ್ನೇ ಕೂಗುತ್ತಿದ್ದಾರೆ.

ಊರಿನಲ್ಲಿ ಅವನಿಗೆ ಮುಟ್ಟಿ ನೋಡೋ ಡಾಕ್ಟ್ರು ಎಂದು ಹೆಸರು. ಬೇರೆಯವರು ಕೇರಿಯಿಂದ ಬಂದವರನ್ನು ಮೇಜಿನಾಚೆ ನಿಲ್ಲಿಸಿ, ನಾಲಿಗೆ ಚಾಚಲು ಹೇಳಿ, ಚೀಟಿ ಬರೆದು ಕಳಿಸುತ್ತಿದ್ದ ಕಾಲದಲ್ಲಿ ಇವನು ಹೊಟ್ಟೆ ಒತ್ತಿ, ರೆಪ್ಪೆ ಎಳೆದು, ಬೆನ್ನ ಮೇಲೆ ಬೆರಳಿಟ್ಟು ಬಡಿದು ನೋಡುತ್ತಿದ್ದ. ಆ ಹೆಸರು ಅವನಿಗೆ ಇಷ್ಟವಿತ್ತು. ಎಷ್ಟು ಇಷ್ಟವೆಂದರೆ, ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದಾಗ ಸ್ವಲ್ಪ ಹೆಚ್ಚೇ ಹೊತ್ತು ಮುಟ್ಟುತ್ತಿದ್ದ. ಇದು ಅವನಿಗೆ ಕುರುಗೋಡಿನ ಮನೆಯಿಂದ ಬಂದ ಆಸ್ತಿ. ಹುಟ್ಟಿಗೆ, ಸಾವಿಗೆ, ಮುಟ್ಟಿಗೆ, ಎಂಜಲಿಗೆ, ಜಾತಿಗೆ, ಯಾವುದಕ್ಕೂ ನಮಗೆ ಸೂತಕವಿಲ್ಲ ಎಂದು ಅಪ್ಪ ಊಟದ ಮಧ್ಯೆ ಕೈ ಎತ್ತಿ ಹೇಳುತ್ತಿದ್ದ. ಉಜ್ಜಿನಪ್ಪ ಮದ್ರಾಸಿನಲ್ಲಿ ಡಾಕ್ಟರಿಕೆಗೆ ಸೇರಿದ ವರ್ಷ ಅದೇ ಅಪ್ಪ ಸತ್ತ. ಗೋಡೆಗೆ ಒರಗಿಸಿ ಕೂಡಿಸಿ, ಹಣೆ ತೋಳಿಗೆಲ್ಲ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿದ್ದರು. ಕಣ್ಣು ಅರ್ಧ ತೆರೆದೇ ಇದ್ದವು. ಬಂದವರ ಲೆಕ್ಕ ಇಡುತ್ತಿದ್ದಾನೋ ಎನ್ನುವಂತೆ ಕೂತಿದ್ದ ಅಪ್ಪನ ಪಕ್ಕದಲ್ಲಿ ಮಗನನ್ನು ಕೂಡಿಸಿ ಅವ್ವ, 'ಕೈ ಹಿಡಕೋ, ನಿಮ್ಮಪ್ಪ ಅದಾನ, ಬ್ಯಾರೆ ಯಾರಲ್ಲ' ಅಂದಿದ್ದಳು. ಹಿಡಿದುಕೊಂಡ. ಹೊತ್ತು ಹೋದ ಹಾಗೆ ಆ ಬೆರಳುಗಳು ಗಟ್ಟಿಯಾಗುತ್ತ ಬಂದವು. ಹೆಣ ಸೆಟೆಯುವುದು ಎಂದರೇನು ಎಂದು ಆಗಷ್ಟೇ ಓದಿದ್ದ ಹುಡುಗನಿಗೆ, ಅಪ್ಪ ತನ್ನ ಕೈಯನ್ನು ತಿರುಗಿ ಹಿಡಿಯುತ್ತಿದ್ದಾನೆ ಎಂದೇ ಅನ್ನಿಸಿತ್ತು. ಬಿಡಿಸಿಕೊಳ್ಳಬೇಕೆಂದು ಬಹಳ ಅನ್ನಿಸಿತ್ತು. ಬಿಡಿಸಿಕೊಳ್ಳಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಹಾಸಿಗೆಯ ಕೆಳಗಿಂದ ಆ ಪತ್ರಿಕೆಯನ್ನು ಎಳೆದ. ಮೆಡಿಕಲ್ ಕಾಲೇಜಿನ ಲೈಬ್ರರಿಯಿಂದ ತಂದ ವಿಲಾಯಿತಿಯ ವೈದ್ಯಪತ್ರಿಕೆ, ಹಡಗಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಹಳಸಿದ ಸುದ್ದಿ. ಹೋದ ವರ್ಷ, ಎಪ್ಪತ್ತಾರರಲ್ಲಿ, ಆಫ್ರಿಕಾದ ಜೈರ್ ದೇಶದ ಕಾಡಿನಲ್ಲಿ ಒಂದು ಹೊಸ ಜ್ವರ ಎದ್ದಿತು. ಅದಕ್ಕೆ ಅಲ್ಲಿಯ ಒಂದು ಹೊಳೆಯ ಹೆಸರು, ಎಬೋಲಾ. ಮೊದಲು ಮಲೇರಿಯಾದ ಹಾಗೆ ಮೈ ಕಾಯುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಕೆಂಪಗಾಗುತ್ತವೆ. ವಾಂತಿ, ಭೇದಿ. ಆಮೇಲೆ ಒಸಡಿನಿಂದ, ಮೂಗಿನಿಂದ, ಸೂಜಿ ಚುಚ್ಚಿದ ಜಾಗದಿಂದ ರಕ್ತ. ಗಾಳಿಯಲ್ಲಿ ಹಾರಿ ಬರುವ ರೋಗವಲ್ಲ ಅದು, ರಕ್ತ, ವಾಂತಿ, ಬೆವರು ಮುಟ್ಟಿದವರಿಗೆ ಬರುತ್ತದೆ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವೇ ಸಿರಿಂಜುಗಳಿದ್ದವು, ಅವನ್ನೇ ಇಡೀ ದಿನ ಬಿಸಿನೀರಲ್ಲಿ ಅಲ್ಲಾಡಿಸಿ ಒಬ್ಬರಿಂದ ಒಬ್ಬರಿಗೆ ಚುಚ್ಚಿದರು. ಜ್ವರದ ಇಂಜೆಕ್ಷನ್ನಿಗೆಂದು ಬಂದವರು ಸಾವನ್ನು ತೆಗೆದುಕೊಂಡು ಮನೆಗೆ ಹೋದರು. ಮನೆಯಲ್ಲಿ ಹೆಣ ತೊಳೆದ ಹೆಂಗಸರು ಸತ್ತರು. ಔಷಧವಿಲ್ಲ. ಕಳೆದ ನೀರು, ಉಪ್ಪು, ರಕ್ತ ತುಂಬಿಕೊಡುತ್ತ, ಮೈ ತಾನೇ ಗೆಲ್ಲುವವರೆಗೆ ಜೊತೆಗಿರುವುದೊಂದೇ ಚಿಕಿತ್ಸೆ. ಗುಣವಾದವರ ರಕ್ತದ ತಿಳಿಯನ್ನು ಕೊಟ್ಟು ನೋಡಿದ್ದರು. ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಒಬ್ಬನಿಗೆ ಕೈಗವಸಿನ ಮೇಲಿಂದ ಹೆಬ್ಬೆರಳಿಗೆ ಸೂಜಿ ತಾಗಿತು. ಹಿಸುಕಿದರೂ ರಕ್ತ ಬರಲಿಲ್ಲ, ಗುರುತೇ ಇರಲಿಲ್ಲ. ಆಮೇಲೆ ಜ್ವರ ಬಂತು. ಅವನು ಬದುಕಿದ ಎಂದೂ ಬರೆದಿತ್ತು. ಆ ಕೊನೆಯ ಮಾತು ಉಜ್ಜಿನಪ್ಪನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೆಬ್ಬೆರಳು, ಗುರುತಿರಲಿಲ್ಲ, ಎಂಬಲ್ಲಿಗೆ ಬಂದು ಪುಟ ಮಡಚುತ್ತಿದ್ದ.

ಜೈರ್ ಎಲ್ಲಿ, ಸಿರಿಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ಎಲ್ಲಿ? ಈ ಪ್ರಶ್ನೆಯನ್ನು ಅವನು ತನಗೆ ತಾನೇ ಗದರಿಸಿ ಕೇಳಿಕೊಂಡಿದ್ದ. ಆದರೆ ಶಿವಮೊಗ್ಗದ ಕಾಡಿನಲ್ಲಿ ಮಂಗಗಳು ದಬದಬ ಬಿದ್ದು ಸತ್ತು, ಆಮೇಲೆ ಮನುಷ್ಯರಿಗೆ ರಕ್ತ ಕಾರುವ ಜ್ವರ ಬಂದದ್ದು ಅವನು ಓದುತ್ತಿದ್ದ ಕಾಲದಲ್ಲೇ. ಅದು ಎಲ್ಲಿಂದ ಬಂತು ಎಂದು ಯಾರಾದರೂ ಮೊದಲೇ ಹೇಳಿದ್ದರೇ? ಕೆಂಚನಗುಡ್ಡದಲ್ಲಿ ಹೆಂಡತಿಯ ತವರಿನ ಕಡೆಯಿಂದ ಬಂದ ಗದ್ದೆಯಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವನು ಕೇರಿಯ ಸುಂಕಪ್ಪ. ಮೊನ್ನೆ ಗದ್ದೆಗೆ ಹೋದವನು ಸುಂಕಪ್ಪನಿಗೆ ಜ್ವರ ಎಂದು ತಿಳಿದು ಗುಡಿಸಲಿಗೆ ಹೋದ. ಕತ್ತಲಲ್ಲಿ ಕೌದಿ ಹೊದ್ದು ಮಲಗಿದ್ದ ಸುಂಕಪ್ಪ ಧಣಿಯನ್ನು ನೋಡಿ ನಕ್ಕ. ಎಲೆ ಅಡಿಕೆ ಹಾಕಿಕೊಂಡಿದ್ದಾನೆ ಅಂದುಕೊಂಡ ಉಜ್ಜಿನಪ್ಪ. ಹಲ್ಲಿನ ಸಂದಿಯಲ್ಲಿದ್ದದ್ದು ರಕ್ತ. ಅವನ ರೆಪ್ಪೆ ಎಳೆದು ನೋಡಿದ, ಹೊಟ್ಟೆ ಒತ್ತಿದ, ತೋಳಿಗೆ ಪಟ್ಟಿ ಕಟ್ಟಿ ರಕ್ತ ಎಳೆದ. ಸೂಜಿ ಹೊರಗೆ ತೆಗೆಯುವಾಗ ಸುಂಕಪ್ಪ ಕೆಮ್ಮಿದ, ಕೈ ಜಗ್ಗಿತು, ಹೆಬ್ಬೆರಳಿನಲ್ಲಿ ಚುಳ್ ಎಂದಿತು. ಅಷ್ಟೇ. ಆದರೆ ಆ ಚುಳ್ ಎಂಬುದರಲ್ಲಿ ಪತ್ರಿಕೆಯ ಅಷ್ಟೂ ಸಾಲುಗಳು ಒಟ್ಟಿಗೆ ಎದ್ದು ನಿಂತವು. ಉಜ್ಜಿನಪ್ಪ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿ ನಿಂತು, 'ಯಾರೂ ಮುಟ್ಟಬ್ಯಾಡ್ರಿ ಅವನ್ನ. ಗಂಗಾಳ ಬ್ಯಾರೆ ಇಡ್ರಿ' ಎಂದ. ಸುಂಕಪ್ಪನ ಹೆಂಡತಿ ಹುಲುಗಮ್ಮ ಅವನ ಮುಖ ನೋಡಿದಳು. ನೋಡುತ್ತಲೇ ಸೆರಗಿಗೆ ಕೈ ಒರೆಸಿಕೊಂಡಳು.

ವಾಪಸು ಬರುವಾಗ ಪಕ್ಕದ ಸೀಟಿನ ಮೇಲೆ ಗಾಜಿನ ನಳಿಕೆಯಲ್ಲಿ ಸುಂಕಪ್ಪನ ರಕ್ತ ಇತ್ತು. ಫಿಯೆಟ್ಟು ಗುಂಡಿಗೆ ಇಳಿದಾಗಲೆಲ್ಲ ಅದು ಆ ಕಡೆ ಈ ಕಡೆ ಆಡುತ್ತಿತ್ತು. ಟೆಕ್ಕಲಕೋಟೆ ದಾಟಿತು, ಬಂಡೆಗುಡ್ಡಗಳು ಹಿಂದೆ ಬಿದ್ದವು, ರಕ್ತ ಮಾತ್ರ ಹೆಪ್ಪುಗಟ್ಟಲಿಲ್ಲ. ಅದೇ, ಅದೇ ಎಂದಿತು ಅವನ ಮನಸ್ಸು. ರಸ್ತೆಯ ಅಂಚಿನಲ್ಲಿ ಕಪ್ಪುಮೋರೆಯ ಮಂಗ, ಒಂದು ಮುಸಿಯ, ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ, ಮಲಗಿದ ಹಾಗೆ ಇತ್ತು, ಒಂದು ಕೈ ರಸ್ತೆಯ ಕಡೆ ಚಾಚಿತ್ತು. ಲಾರಿ ಬಡಿದಿರಬಹುದು, ಕರೆಂಟಿನ ತಂತಿ ತಾಗಿರಬಹುದು, ಬೇಕಾದಷ್ಟು ಕಾರಣಗಳಿದ್ದವು. ಅವನು ಇನ್ನೊಂದು ಫರ್ಲಾಂಗು ಮುಂದೆ ಹೋಗಿ ಕಾರು ನಿಲ್ಲಿಸಿ, ಜಾಲಿ ಮರದ ಬುಡದಲ್ಲಿ ಸ್ಪ್ಯಾನರಿನಿಂದ ನೆಲ ಕೆದರಿ ನಳಿಕೆಯನ್ನು ಹೂತ. ಲ್ಯಾಬಿಗೆ ಕೊಟ್ಟರೆ ಅಲ್ಲಿಯ ಹುಡುಗರಿಗೂ ತಗಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಸುಂಕಪ್ಪನನ್ನು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ತರದಿದ್ದುದಕ್ಕೂ ಇಂಥದೇ ಕಾರಣ ಸಿಕ್ಕಿತು, ಜೈರಿನಲ್ಲಿ ಜನರನ್ನು ಕೊಂದದ್ದು ಆಸ್ಪತ್ರೆಯೇ ಅಲ್ಲವೇ? ಎಲ್ಲ ಕಾರಣಗಳೂ ಸರಿಯಾಗಿಯೇ ಇದ್ದವು. ಅಷ್ಟು ಸರಿಯಾಗಿ ಇರುವುದನ್ನು ನೋಡಿಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

'ಚಾ ಆರತೈತಿ' ಎನ್ನುತ್ತ ಹೆಂಡತಿ ಕೊಟ್ರಮ್ಮ ಒಳಗೆ ಬಂದಳು. ಉಜ್ಜಿನಪ್ಪ ಪತ್ರಿಕೆಯನ್ನು ತೊಡೆಯ ಕೆಳಗೆ ಸೇರಿಸಿ, 'ಅಲ್ಲೇ ಕುರ್ಚಿ ಮ್ಯಾಲ ಇಡು' ಎಂದ.

'ಏನ್ರೀ ಇದು? ಪಡಸಾಲ್ಯಾಗ ಬಂದು ಮಕ್ಕೊಂತೀರಿ, ಉಂಡ ಗಂಗಾಳ ನೀವ ತೊಳಕೊಂತೀರಿ. ಹೊರಗ ಕುಂತಾಕಿ ನಾನೋ ನೀವೋ?'

'ಗಾಳಿ ಚಲೋ ಬರತೈತಿ ಇಲ್ಲಿ.'

'ನನಗ ಹೇಳಬ್ಯಾಡ್ರಿ ಗಾಳಿ ಕತಿ' ಎಂದು ಅವಳು ಗೋಡೆಗೆ ಒರಗಿ, ಅವನು ಕುಡಿಯುವುದನ್ನೇ ನೋಡುತ್ತ ನಿಂತಳು. ಅರ್ಧ ಕುಡಿದು ಇಟ್ಟ. ಅವಳು ಬಾಗಿ ಆ ಲೋಟ ತೆಗೆದುಕೊಂಡು, ಅವನ ತುಟಿ ತಾಗಿದ ಜಾಗದಲ್ಲೇ ತುಟಿ ಇಟ್ಟು, ಉಳಿದ ಚಹಾವನ್ನು ಗುಟುಕ್ಕನೆ ಕುಡಿದುಬಿಟ್ಟಳು. 'ಏ!' ಎಂದು ಉಜ್ಜಿನಪ್ಪ ಚೀರಿದ. ಆ ದನಿ ಅವನದೇ ಎಂದು ಅವನಿಗೇ ಗುರುತು ಹತ್ತಲಿಲ್ಲ.

'ಯಾಕ? ಮದುವ್ಯಾದ ದಿನ ಏನು ಹೇಳಿದ್ರಿ? ನಮ್ಮನ್ಯಾಗ ಎಂಜಲಕ್ಕ ಸೂತಕಿಲ್ಲ, ನನ್ನ ಗಂಗಾಳದಾಗ ಉಣ್ಣು ಅಂದ್ರಿಲ್ಲ?' ನಗುತ್ತಲೇ ಅಂದವಳು ಅವನ ಮುಖ ನೋಡಿ ನಗು ನಿಲ್ಲಿಸಿದಳು. 'ಏನಾಗೇತ್ರಿ ನಿಮಗ?'

ಹೇಳಬೇಕಾಗಿತ್ತು. ಬೇರೆಯವರ ಮನೆಯ ಹೆಂಗಸಿಗೆ ಗಂಗಾಳ ಬೇರೆ ಇಡು ಎಂದು ಕಾರಣ ಹೇಳದೆಯೇ ಹೇಳಿ ಬಂದವನು, ತನ್ನ ಹೆಂಡತಿಗೆ ಕಾರಣ ಹೇಳಬೇಕಾದಾಗ ಪತ್ರಿಕೆಯನ್ನು ತೊಡೆಯ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದ. ಜ್ವರವಿಲ್ಲದವನಿಂದ ಅದು ಹರಡುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು, ಅದೂ ಬರೆದಿತ್ತು. ಆದರೂ ಅವಳ ತುಟಿಯ ಮೇಲಿನ ಚಹಾದ ತೇವವನ್ನೇ ನೋಡುತ್ತಿದ್ದ. ಅದು ಒಣಗುವವರೆಗೂ ಕಣ್ಣು ತೆಗೆಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಸುಂಕಪ್ಪನ ತಮ್ಮ ಹೊನ್ನೂರಪ್ಪ ನಿಂತಿದ್ದ. ಮೊದಲನೆಯ ಬಸ್ಸಿಗೆ ಬಂದಿರಬೇಕು, ತಲೆಯೆಲ್ಲ ಧೂಳು. ಬೇರೆ ದಿನವಾಗಿದ್ದರೆ 'ಒಳಗ ಬಾರಲೇ, ಅಲ್ಯಾಕ ನಿಂತಿ' ಎಂದು ಉಜ್ಜಿನಪ್ಪ ಗದರುತ್ತಿದ್ದ. ಹಾಗೆ ಗದರಿ ಒಳಗೆ ಕರೆಯುವುದರಲ್ಲಿ ಅವನಿಗೊಂದು ಸುಖವಿತ್ತು. ಇವತ್ತು ಕಿಟಕಿಯ ಸರಳಿನ ಈಚೆಯಿಂದಲೇ ಕೇಳಿದ.

'ಹೆಂಗದಾನ?'

'ಉಚ್ಚೀಗೆ ಹ್ವಾದ್ರ ರಗತ ಬರಾಕತ್ತೈತ್ರಿ ಸಾಮಿ. ಧಣಿ ಬಂದ್ರ ನಾ ಉಳೀತೀನಿ ಅಂತಾನ. ಮುಟ್ಟಿದ್ರ ಸಾಕಂತ.'

ಕೊನೆಯ ಮಾತಿಗೆ ಉಜ್ಜಿನಪ್ಪ ಕಿಟಕಿ ಬಿಟ್ಟು ಸರಿದ. ಡೆಟಾಲು, ಬ್ಲೀಚಿಂಗ್ ಪುಡಿ, ಆಪರೇಶನ್ನಿನ ಕೈಗವಸು ಎರಡು ಜೊತೆ, ಸಲೈನ್ ಬಾಟಲಿ ಚೀಲಕ್ಕೆ ತುಂಬಿದ. ಹೋಗುತ್ತಿರುವುದು ಸುಂಕಪ್ಪನನ್ನು ಉಳಿಸಲಿಕ್ಕೋ ಅಥವಾ ಆ ರೋಗ ಹೇಗೆ ಮುಂದುವರಿಯುತ್ತದೆ, ತನಗೂ ನಾಳೆ ಹೇಗೆ ಬರುತ್ತದೆ ಎಂದು ನೋಡಿಕೊಳ್ಳಲಿಕ್ಕೋ? ಕಾರಿನಲ್ಲಿ ಹೊನ್ನೂರಪ್ಪನನ್ನು ಹಿಂದಿನ ಸೀಟಿಗೆ ಕೂಡಿಸಿ ಕಿಟಕಿಗಳನ್ನೆಲ್ಲ ಇಳಿಸಿದ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಕೆಮ್ಮುತ್ತಾನೇನೋ ಎಂದು ದಾರಿಯುದ್ದಕ್ಕೂ ಕಾದ. ಅವನು ಕೆಮ್ಮಲಿಲ್ಲ, ಒಮ್ಮೆ ಮಾತ್ರ, ಬಳ್ಳಾರಿ ಹಿಂದೆ ಬಿದ್ದ ಮೇಲೆ, 'ಅಣ್ಣನ ಹೊಲದ ಭತ್ತ ಚಲೋ ಐತ್ರಿ ಈ ಸಲ' ಎಂದ, ನಂತರ 'ನಿಮ್ಮ ಹೊಲದ್ದು' ಎಂದು ತಿದ್ದಿಕೊಂಡ. ಸತ್ತ ಮುಸಿಯ ಬಿದ್ದಿದ್ದ ಜಾಗ ಬಂತು. ಅಲ್ಲಿ ಏನೂ ಇರಲಿಲ್ಲ. ನಾಯಿ ಎಳೆದುಕೊಂಡು ಹೋಗಿರಬೇಕು. ಆದರೆ ಎದ್ದು ಹೋಗಿದೆ ಎಂದೇ ಮೊದಲು ಅನ್ನಿಸಿದ್ದು ಅವನಿಗೆ. ಹಾಗೆ ಅನ್ನಿಸಿದ್ದಕ್ಕೆ ಗೇರು ಬದಲಿಸಿ ಜೋರಾಗಿ ಓಡಿಸಿದ.

ಕೆಂಚನಗುಡ್ಡ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಹೊಳೆಯ ಕಡೆಯಿಂದ ಗಾಳಿಯಿರಲಿಲ್ಲ. ತುಂಗಭದ್ರೆ ಬಂಡೆಗಳ ನಡುವೆ ಸದ್ದಿಲ್ಲದೆ ಬಿದ್ದುಕೊಂಡಿತ್ತು. ಇಲ್ಲಿ ಎದ್ದಿದ್ದರೆ ಆ ರೋಗಕ್ಕೆ ಈ ಹೊಳೆಯ ಹೆಸರಿಡುತ್ತಿದ್ದರು ಎಂದುಕೊಂಡ. ದೂರದ ಯಾವುದೋ ದೇಶದಲ್ಲಿ ಒಬ್ಬ ಡಾಕ್ಟರು ಪತ್ರಿಕೆ ಬಿಡಿಸಿ, ತುಂಗಭದ್ರಾ ಎಂದು ತೊದಲುತ್ತ ಓದಿ ಹೆದರುತ್ತಿದ್ದ. ಕೇರಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಡೆಟಾಲಿನಲ್ಲಿ ಅದ್ದಿದ ಕರ್ಚೀಫು ಮೂಗಿಗೆ ಕಟ್ಟಿಕೊಂಡು ಬಂದ ಮುಟ್ಟಿ ನೋಡೋ ಡಾಕ್ಟರನ್ನು ಅವರು ನೋಡಿದ ರೀತಿಗೆ, ಅವನಿಗೆ ಮುಖ ಇನ್ನೂ ಮೇಲೆ ಮುಚ್ಚಿಕೊಳ್ಳಬೇಕು ಎನ್ನಿಸಿತು.

ಹೊಸ್ತಿಲಲ್ಲೇ ನಿಂತ. ಒಳಗೆ ಹುಲುಗಮ್ಮ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಿಪ್ಪಿನಿಂದ ಗಂಜಿ ಕುಡಿಸುತ್ತಿದ್ದಳು. ಕಟಬಾಯಲ್ಲಿ ಕೆಂಪಗೆ ಇಳಿದದ್ದನ್ನು ಸೆರಗಿನಿಂದ ಒರೆಸುತ್ತಿದ್ದಳು.

'ಮುಟ್ಟಬ್ಯಾಡ ಅಂದಿದ್ದೆ.'

'ಅಂದಿದ್ರಿ. ಮತ್ತ ನೋಡಕೊಳ್ಳಾರು ಯಾರ್ರಿ?'

'ಗಂಜ್ಯಾಗ ಏನು ಹಾಕಿ?'

'ಉಪ್ಪು. ಒಂಚೂರು ಬೆಲ್ಲ.'

ಅವನಿಗೆ ಸಿಟ್ಟು ಬಂತು. ಪತ್ರಿಕೆಯಲ್ಲಿ ಬರೆದ ಚಿಕಿತ್ಸೆ ಅದೇ ಆಗಿತ್ತು, ನೀರು, ಉಪ್ಪು, ಜೊತೆಗಿರುವುದು. ಕೈಗವಸು ಹಾಕಿಕೊಂಡು ಅದನ್ನು ಮಾಡಬೇಕಾದವನು ಇವನು, ಕೈಗವಸು ಚೀಲದಲ್ಲೇ ಇತ್ತು. ಚೀಲದ ಬಾಯಿಯ ಮೇಲೆ ಕೈ ಇಟ್ಟ. ಹೆಬ್ಬೆರಳು ಮಿಡಿಯುತ್ತಿತ್ತು. ಸಿರಿಂಜು, ಸೂಜಿ, ಸಲೈನಿನ ನಳಿಕೆ ಎಂದು ನೆನೆದ ಕೂಡಲೇ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇನ್ನೊಮ್ಮೆ ಚುಚ್ಚಿದರೆ?

'ಧಣೀ,' ಎಂದ ಸುಂಕಪ್ಪ. ಕಣ್ಣು ಬಿಡದೆಯೇ ದನಿಯ ಕಡೆ ಮುಖ ತಿರುಗಿಸಿದ. 'ಕಾಲುವಿಗೆ ನೀರು ಬಂದಾವೇನ್ರಿ?'

'ಬಂದಾವು. ನೀ ಸುಮ್ಮನ ಮಕ್ಕೋ.'

'ತಲಿ ಭಾಳ ನೋಯಾಕತ್ತೈತ್ರಿ ಇವತ್ತು.'

ಹುಲುಗಮ್ಮ ಚಿಪ್ಪು ಕೆಳಗಿಟ್ಟಳು. 'ಕಾಲು ನೋಡ್ರಿ ಧಣಿ. ಬದುವಿನ ಮ್ಯಾಲಿನ ಕಲ್ಲುಗುಂಪಿ ತೆಗಿಯುವಾಗ ಜಾಲಿಮುಳ್ಳು ನಟ್ಟೈತಿ ಅಂದಿದ್ದ. ಹೆಂಗ ಬಾತೈತಿ ನೋಡ್ರಿ' ಎಂದು ಕೌದಿಯ ಅಂಚನ್ನು ಎತ್ತಿದಳು. ಕತ್ತಲಲ್ಲಿ, ಕೆಸರು ಒಣಗಿ ಹತ್ತಿಕೊಂಡ ಒಂದು ದಪ್ಪ ಪಾದ ಕಂಡಿತು.

'ಅದು ಮುಳ್ಳಿಂದಲ್ಲ. ಈ ಜ್ವರಕ್ಕ ಬರೋದು. ಹೊದಿಸು.'

'ಒಮ್ಮಿ ಮುಟ್ಟಿ ನೋಡ್ರಿ.'

'ಇಲ್ಲಿಂದನ ಕಾಣತೈತಿ.'

ಹುಲುಗಮ್ಮ ಕೌದಿಯನ್ನು ಹಿಡಿದೇ ಇದ್ದಳು. ಅವಳ ಕಣ್ಣು ಅವನ ಕಾಲಿನ ಕಡೆಗೆ, ಹೊಸ್ತಿಲಿನ ಹೊರಗೆ ಜೋಡಿಸಿ ನಿಲ್ಲಿಸಿದ ಬೂಟುಗಳ ಕಡೆಗೆ ಹೋಯಿತು. ಆಮೇಲೆ ಮೆಲ್ಲಗೆ ಕೌದಿ ಇಳಿಸಿ ಗಂಡನ ಪಾದ ಮುಚ್ಚಿದಳು. 'ಇರಲಿ ಬಿಡ್ರಿ. ನಮಗೇನ ಹೊಸಾದಲ್ಲ.'

'ಹಂಗಲ್ಲ ಹುಲುಗಮ್ಮ' ಎಂದ. ಹಂಗಲ್ಲ, ಅದಲ್ಲ ಕಾರಣ, ನಮ್ಮ ಮನೆಯಲ್ಲಿ ಆ ಸೂತಕವೇ ಇಲ್ಲ, ಇದು ಬೇರೆ, ಇದು ಆಫ್ರಿಕಾದ್ದು, ನನ್ನ ಹೆಬ್ಬೆರಳಿಗೆ ಚುಚ್ಚಿದೆ. ಹೇಳಲು ಹೊರಟರೆ ಎಲ್ಲಿಂದ ಹೇಳಬೇಕು? ರೋಗದ ಸುದ್ದಿ ಊರಿಗೆ ಹಬ್ಬಿದರೆ ಕೇರಿಯ ಜನರನ್ನು ಬಾವಿಯ ಹತ್ತಿರ, ಹೊಳೆಯ ಹತ್ತಿರ ಬಿಟ್ಟುಕೊಡುವುದಿಲ್ಲ ಎನ್ನುವುದೂ ನಿಜ. ಈ ನಿಜ ಮತ್ತೆ ಅವನ ಕೈಗೆ ಸಲೀಸಾಗಿ ಸಿಕ್ಕಿತು. ಸಲೀಸಾಗಿ ಸಿಕ್ಕ ಎಲ್ಲವನ್ನೂ ಅವನು ಮೊನ್ನೆಯಿಂದ ಬಾಚಿ ಬಾಚಿ ಇಟ್ಟುಕೊಳ್ಳುತ್ತಿದ್ದ. ಹುಲುಗಮ್ಮ ಅವನ ಮಾತಿಗೆ ಕಾಯಲೂ ಇಲ್ಲ. ಇಂಥ 'ಹಂಗಲ್ಲ'ಗಳನ್ನು ಅವಳು ಬಹಳ ಕೇಳಿರಬೇಕು.

ಸುಂಕಪ್ಪ ಒಮ್ಮೆಗೇ ಎದ್ದು ಕೂರಲು ನೋಡಿದ. ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು 'ಯವ್ವಾ' ಎಂದು ಕಾರಿದ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಹುಲುಗಮ್ಮ ಅವನನ್ನು ಎದೆಗೆ ಅವಚಿಕೊಂಡಳು. ಗೊರಗೊರ ಎಂಬ ಉಸಿರು ಗುಡಿಸಲು ತುಂಬಿತು, ನಡುವೆ ನಿಂತಿತು, ಮತ್ತೆ ಬಂತು. ಉಜ್ಜಿನಪ್ಪ ಚೀಲ ಬಿಚ್ಚಿದ. ಒಂದು ಕೈಗವಸು ಎಳೆದುಕೊಂಡ, ಇನ್ನೊಂದರ ಬೆರಳುಗಳು ಅಂಟಿಕೊಂಡಿದ್ದವು, ಊದಿ ಬಿಡಿಸಬೇಕೆಂದು ಕರ್ಚೀಫು ಇಳಿಸಿದ, ಹೆದರಿ ಮತ್ತೆ ಏರಿಸಿಕೊಂಡ. ಇದಿಷ್ಟು ಮುಗಿಯುವಷ್ಟರಲ್ಲಿ ಒಳಗೆ ಸದ್ದು ನಿಂತಿತ್ತು. ಹುಲುಗಮ್ಮ ಅತ್ತ ಮೇಲೆಯೇ ಅವನಿಗೆ ಅದು ಮುಗಿಯಿತೆಂದು ತಿಳಿದದ್ದು.

ಅಳು ಕೇಳಿ ಕೇರಿ ಕೂಡಿತು. ಯಾರೋ ಮೂರು ಕಲ್ಲು ಹೂಡಿ ನೀರು ಕಾಯಿಸಲು ಇಟ್ಟರು. ಉಜ್ಜಿನಪ್ಪ ಅಂಗಳದಲ್ಲಿ ನಿಂತು ಒಂದು ಕೈಗೆ ಮಾತ್ರ ಗವಸು ಇದ್ದುದನ್ನು ಮರೆತು ಆ ಕೈಯನ್ನೇ ಎತ್ತಿ ಹೇಳಿದ: 'ತೊಳಿಯೋ ಹಂಗಿಲ್ಲ. ಯಾರೂ ಹೆಣ ಮುಟ್ಟಬಾರದು. ಹಂಗ ಸುತ್ತಿ, ಬ್ಲೀಚಿಂಗ್ ಪುಡಿ ಹಾಕಿ ಹೂಳಬೇಕು.' ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನೂರಪ್ಪ ಮುಂದೆ ಬಂದ. ಬೆಳಿಗ್ಗೆ ಬೇವಿನ ಮರದ ಕೆಳಗೆ ನಿಂತವನು ಇವನೇ ಅಲ್ಲ ಎನ್ನುವ ಹಾಗಿದ್ದ.

'ಸತ್ತ ಮ್ಯಾಲೂ ಮೈಲಿಗೇನ್ರಿ ಸಾಮಿ? ನಮ್ಮವ್ರು ನಮಗ ಮೈಲಿಗೇನು?'

'ರೋಗ ಅಂಟತೈತೋ. ತೊಳದಾರಿಗೆಲ್ಲ ಅಂಟತೈತಿ.'

ಒಳಗಿನಿಂದ ಹುಲುಗಮ್ಮ ಬಂದಳು. ಸೆರಗಿನ ತುಂಬ ರಕ್ತವಿತ್ತು. 'ಹೊಲದಾಗ ದುಡದ ಮೈಯಿ,' ಅಂದಳು. 'ಕೆಸರ ಮೆತ್ತಿಕೊಂಡ ಹಂಗ ಕಳಸ್ಲೇನ್ರಿ? ನನಗ ಬಂದ್ರ ಬರಲಿ. ತೊಳೀದ ಹೆಂಗ ಕಳಸ್ಲಿ?'

ಇವರ ಹಟ ಸರಿಯಲ್ಲ, ಆಫ್ರಿಕಾದಲ್ಲಿ ಹೀಗೇ ಹೆಂಗಸರು ಸತ್ತರು ಎಂದು ಅವನ ಓದು ಹೇಳುತ್ತಿತ್ತು. ಅವಳ ಹಟ ಬಿಟ್ಟರೆ ಈ ಅಂಗಳದಲ್ಲಿ ಬೇರೇನೂ ಸರಿಯಿಲ್ಲ ಎಂದೂ ಅನ್ನಿಸಿತು. 'ನಾ ತೊಳೀತೀನಿ' ಎಂಬ ಮಾತು ಬಾಯಿಂದ ಬಂದಾಗ ಅದನ್ನು ಹೇಳಿದ್ದು ಧೈರ್ಯವೋ, ಹೇಗೂ ತನಗೆ ತಗಲಿದೆ ಎಂಬ ಹತಾಶೆಯೋ, ಕೇರಿಯೆಲ್ಲ ನೋಡುತ್ತಿದೆ ಎಂಬುದೋ, ಅವನಿಗೆ ತಿಳಿಯಲಿಲ್ಲ. ಮೂರೂ ಇದ್ದಿರಬೇಕು. ತನ್ನ ಬರಿಗೈಗೂ ಗವಸು ಏರಿಸಿಕೊಂಡು, ಇನ್ನೊಂದು ಜೊತೆಯನ್ನು ಹೊನ್ನೂರಪ್ಪನಿಗೆ ಕೊಟ್ಟ. ಇಬ್ಬರೂ ಸೇರಿ ಹೆಣವನ್ನು ಎತ್ತಿ ತಂದು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಕೂಡಿಸಿದರು. ಹೊನ್ನೂರಪ್ಪ ಹಿಂದಿನಿಂದ ಆತುಕೊಂಡ. ಉಜ್ಜಿನಪ್ಪ ಚೊಂಬಿನಿಂದ ತಲೆಗೆ ನೀರು ಸುರಿದ. ಕುರುಗೋಡಿನ ದೊಡ್ಡ ಮನೆಯ ಡಾಕ್ಟರು ಕೇರಿಯ ಹೆಣ ತೊಳೆಯುವುದನ್ನು ನೋಡಿ ಒಬ್ಬ ಮುದುಕಿ ಕೈ ಮುಗಿದಳು. ಅವನಿಗೆ ಅದು ಕಂಡಿತು. ಕಂಡು, ಕೈ ಸ್ವಲ್ಪ ನಿಧಾನವಾಯಿತು.

ಎದೆ, ತೋಳು, ಬೆನ್ನು. ಇನ್ನೂ ಬಿಸಿ ಇದ್ದ ಮೈ. ಕೊನೆಗೆ ಬಾತ ಕಾಲನ್ನು ಎತ್ತಿ ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು ನೀರು ಹಾಕಿ ಉಜ್ಜಿದ. ಕೆಸರು ಬಿಟ್ಟುಕೊಂಡಿತು. ಕಾಲ್ಗಿಣ್ಣಿನ ಕೆಳಗೆ, ಹೊರಮಗ್ಗುಲಿಗೆ, ಚರ್ಮ ನೀಲಿಗಟ್ಟಿ ಬೊಬ್ಬೆ ಎದ್ದಿತ್ತು. ಅದರ ನಡುವೆ ಎರಡು ಚುಕ್ಕೆ. ಒಂದರ ಪಕ್ಕದಲ್ಲಿ ಒಂದು, ಒಂದು ಭತ್ತದ ಕಾಳು ಹಿಡಿಸುವಷ್ಟು ದೂರ. ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು.

ಹಾವು. ಕಲ್ಲುಗುಂಪಿಯ ಸಂದಿಯಲ್ಲಿರುವ, ಗೇಣುದ್ದದ, ಕಚ್ಚಿದರೆ ಮುಳ್ಳು ನಟ್ಟಂತಾಗುವ ಮಂಡಲ. ಹೆಪ್ಪುಗಟ್ಟದ ರಕ್ತ, ಒಸಡು, ಮೂತ್ರ, ಕೊನೆಗೆ ತಲೆಯೊಳಗೆ. ಬಾತ ಕಾಲಿನ ಜ್ವರ. ಓದಲು ಸೇರಿದ ಹುಡುಗನೂ ಕೌದಿ ಎತ್ತಿದ್ದರೆ ಹೇಳುತ್ತಿದ್ದ. ಅದರ ಔಷಧದ ಸೀಸೆಗಳು ಬಳ್ಳಾರಿಯಲ್ಲಿ ಅವನ ದವಾಖಾನೆಯ ಫ್ರಿಜ್ಜಿನಲ್ಲೇ ಇದ್ದವು. ಆದರೆ ಇದೆಲ್ಲ ಅವನಿಗೆ ಹೊಳೆದದ್ದು ಆಮೇಲೆ. ಎರಡು ಚುಕ್ಕೆ ಕಂಡ ಗಳಿಗೆಯಲ್ಲಿ ಎಲ್ಲಕ್ಕಿಂತ ಮೊದಲು, ಎದೆಯ ತಳದಿಂದ ಬುಗ್ಗೆಯೆದ್ದು ಬಂದದ್ದು ಸಂತೋಷ. ನನಗೇನೂ ಆಗಿಲ್ಲ. ನಾನು ಸಾಯುವುದಿಲ್ಲ. ಕೊಟ್ರಮ್ಮ ಸಾಯುವುದಿಲ್ಲ. ಅವನ ಮೈಯೆಲ್ಲ ಹಗುರವಾಯಿತು, ಹೊಳೆಯ ಕಡೆಯಿಂದ ಗಾಳಿ ಬಂದಂತಾಯಿತು, ಕರ್ಚೀಫಿನ ಕೆಳಗೆ ಬಾಯಿ ತಾನಾಗಿ ಅಗಲವಾಯಿತು.

'ಯಾಕ್ರೀ ಧಣಿ,' ಅಂದಳು ಹುಲುಗಮ್ಮ. ಎದುರಿಗೆ ಕೂತು ಅವನ ಕಣ್ಣುಗಳನ್ನೇ ನೋಡುತ್ತಿದ್ದಳು. 'ನಗಾಕತ್ತೀರಲ್ಲ?'

ಅವನು ಕರ್ಚೀಫು ಕಿತ್ತ. ನಗು ಇನ್ನೂ ಮುಖದ ಮೇಲೆ ಇತ್ತು. ಅದನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯಲಿಲ್ಲ. 'ಹಾವು, ಹುಲುಗಮ್ಮ. ಹಾವು ಕಡದೈತಿ ಇವಗ. ಅಂಟುರೋಗ ಅಲ್ಲ ಇದು.'

ಅವಳು ಬಾಗಿ ಪಾದ ನೋಡಿದಳು. ಬೆರಳಿನಿಂದ ಆ ಎರಡು ಚುಕ್ಕೆಗಳನ್ನು ಮುಟ್ಟಿದಳು.

'ಔಷಧ ಇತ್ತೇನ್ರಿ ಇದಕ್ಕ?'

ಇಲ್ಲ ಎನ್ನುವುದು ಬಹಳ ಸುಲಭವಾಗಿತ್ತು. ನಾಲಿಗೆಯ ತುದಿಯವರೆಗೆ ಬಂದೇ ಇತ್ತು.

'ಇತ್ತು.'

ಹುಲುಗಮ್ಮ ಗಂಡನ ಕಾಲನ್ನು ಉಜ್ಜಿನಪ್ಪನ ಮೊಣಕಾಲಿನ ಮೇಲಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಅವನ ಕೈಯಿಂದ ಚೊಂಬು ತೆಗೆದುಕೊಂಡಳು.

'ಅತ್ತ ಸರೀರಿ,' ಅಂದಳು. 'ಇನ್ನ ನಾ ತೊಳಕೋತೀನಿ.'

ಉಜ್ಜಿನಪ್ಪ ಎದ್ದು ಹಾಸುಗಲ್ಲಿನಿಂದ ಆಚೆ ನಿಂತ. ಅವಳು ಕಾಲಿಗೆ ನೀರು ಸುರಿದಳು. ನೀರು ಕೆಂಪು ಮಣ್ಣು ಕಲಸಿಕೊಂಡು, ಕಲ್ಲಿನಿಂದ ಇಳಿದು, ಅಂಗಳದ ಇಳಿಜಾರಿನಲ್ಲಿ ಹರಿಯುತ್ತ ಅವನ ಬೂಟಿನ ಕಡೆಗೆ ಬಂತು. ಅದರಲ್ಲಿ ರೋಗವಿಲ್ಲ ಎಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ಹಿಂದಕ್ಕೆ ಸರಿಯಿತು.